ಮೂರು ಊರು, ಮೂರು ಹಲಗೆ: ಒಂದು ಹಳ್ಳದ ಪ್ರಕರಣ

ಈ ಬರಹದಲ್ಲಿ ಬರುವ ಊರುಗಳಿಗೆ ಹೆಸರು ನಾನೇ ಇಟ್ಟಿದ್ದು. ಜನರ ಹೆಸರು ಹೇಳಿಲ್ಲ, ಸಣ್ಣಪುಟ್ಟ ಗುರುತುಗಳನ್ನೂ ಬದಲಿಸಿದ್ದೇನೆ. ಯಾಕಂದರೆ ಕಾಲುವೆ ಒತ್ತುವರಿ ಮಾಡಿದವರು, ಮರಳು ತೊಳೆದವರು, ರಾತ್ರೋರಾತ್ರಿ ಚಪ್ಪಡಿ ಇಟ್ಟವರು ಎಲ್ಲರೂ ಇದರಲ್ಲಿ ಬರುತ್ತಾರೆ. ಅವರೆಲ್ಲ ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಬದುಕಬೇಕು. ಬತ್ತಿದ ಕೆರೆಗೆ ನೀರು ತರುವ ಕೆಲಸಕ್ಕೆ ನಾನು ಒಂದು ಸಣ್ಣ ಸ್ವಯಂಸೇವಾ ತಂಡದ ಪರವಾಗಿ 2018ರಿಂದ ಸುಮಾರು ಆರು ವರ್ಷ ಆ ಊರುಗಳಲ್ಲಿ ಓಡಾಡಿದವನು. ಮೊದಲ ತಪ್ಪು ನನ್ನದೇ. ಅದೂ ಮುಂದೆ ಬರುತ್ತೆ.

ಹಳ್ಳ, ಕೆರೆ, ಊರು

ನಂದಿ ಬೆಟ್ಟದ ಸುತ್ತಿನಲ್ಲಿ ಹುಟ್ಟುವ ನದಿಗಳ ಹೆಸರು ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳಿಗೆ ಬಾಯಿಪಾಠ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಅಂತ ಹೇಳಿಕೊಂಡು ಹೋಗುತ್ತಾರೆ. ಅದರಲ್ಲಿ ನೀರು ಹರಿದದ್ದನ್ನು ನೋಡಿದ ಮಕ್ಕಳು ಮಾತ್ರ ಕಡಿಮೆ. ಉತ್ತರ ಪಿನಾಕಿನಿ ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ಆಂಧ್ರಕ್ಕೆ ಹೋಗಿ, ನೆಲ್ಲೂರಿನ ಆಚೆ ಸಮುದ್ರ ಸೇರುತ್ತೆ. ಒಟ್ಟು 597 ಕಿಲೋಮೀಟರ್. ನಮ್ಮ ಪಾಲಿಗೆ ಸಿಕ್ಕಿರುವುದು ಅದರ ನೆತ್ತಿ. ನೆತ್ತಿಯಲ್ಲಿ ನದಿ ನದಿಯ ಹಾಗೆ ಕಾಣುವುದಿಲ್ಲ. ಸಣ್ಣ ಸಣ್ಣ ಹಳ್ಳ, ಅದಕ್ಕೆ ಕಟ್ಟಿದ ಕೆರೆ, ಆ ಕೆರೆ ಕೋಡಿ ಹರಿದರೆ (ತುಂಬಿ ಹೆಚ್ಚಾದ ನೀರು ಹೊರಬಿದ್ದರೆ) ಕೆಳಗಿನ ಕೆರೆ, ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ.

ನಾನು ಹೇಳುತ್ತಿರುವುದು ಅಂಥ ಒಂದು ಹಳ್ಳದ ಕಥೆ. ಬೆಟ್ಟದ ಬುಡದಲ್ಲಿ ಮೇಲಿನಹಳ್ಳಿ, ಅದಕ್ಕೊಂದು ಕುಂಟೆ. ಕೆಳಗೆ ನಡುಹಳ್ಳಿ, ಅದಕ್ಕೊಂದು ಸಣ್ಣ ಕೆರೆ. ಇನ್ನೂ ಕೆಳಗೆ ಕೆಳಗಿನಹಳ್ಳಿ, ಅಲ್ಲಿ ದೊಡ್ಡ ಕೆರೆ. ಅಲ್ಲಿಂದ ಕೋಡಿ ನೀರು ಹೊಳೆಗೆ. ಮೂರು ಊರು ಎರಡು ಪಂಚಾಯಿತಿಗೆ ಸೇರಿವೆ. ಸಣ್ಣ ಕೆರೆ ಪಂಚಾಯಿತಿ ಲೆಕ್ಕದಲ್ಲಿದೆ. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿ ಇರುವುದರಿಂದ ದೊಡ್ಡ ಕೆರೆ ಸಣ್ಣ ನೀರಾವರಿ ಇಲಾಖೆಯದು. ನೀರಿಗೆ ಈ ಗಡಿಗಳ ಗೊಡವೆ ಇಲ್ಲ, ಅರ್ಜಿ ಬರೆಯುವವರಿಗೆ ಮಾತ್ರ ಇದೆ.

2018ರಲ್ಲಿ ನಾವು ಹೋದಾಗ ಕೆಳಗಿನಹಳ್ಳಿ ಕೆರೆ ತುಂಬಾ ಸೀಮೆ ಜಾಲಿ. ಕೆರೆ ತುಂಬಿದ್ದು ಯಾವಾಗ ಅಂದರೆ ಒಬ್ಬೊಬ್ಬರು ಒಂದೊಂದು ಮದುವೆಯ ಲೆಕ್ಕ ಹೇಳುತ್ತಿದ್ದರು. ಬೋರ್ 1000 ಅಡಿ ದಾಟಿತ್ತು. ಕುಡಿಯುವ ನೀರಿಗೆ ಟ್ಯಾಂಕರ್. ಪಶ್ಚಿಮ ಘಟ್ಟದಿಂದ ನೀರು ತರುವ, 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ನೀರು ಬಂದೇ ಬರುತ್ತೆ ಅಂತ ಒಬ್ಬರು, ಬೆಂಗಳೂರಿನ ಹೆಬ್ಬಾಳ-ನಾಗವಾರದ ಸಂಸ್ಕರಿಸಿದ ನೀರನ್ನು ನಮ್ಮ ಕೆರೆಗೂ ಬಿಡಿಸಬೇಕು ಅಂತ ಇನ್ನೊಬ್ಬರು. ನಮ್ಮದೇ ಬೆಟ್ಟದ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲ ವರ್ಷದ ತಪ್ಪು

ನಮ್ಮ ತಂಡಕ್ಕೆ ಸ್ವಲ್ಪ ದೇಣಿಗೆ ಸಿಕ್ಕಿತ್ತು. ಕೆರೆ ಅಂದರೆ ಹೂಳು ತೆಗೆಯುವುದು, ಅಲ್ವಾ? ಜೆಸಿಬಿ ಬಂತು, ಜಾಲಿ ಹೋಯಿತು. ರೈತರು ತಮ್ಮ ಖರ್ಚಿನಲ್ಲೇ ಟ್ರ್ಯಾಕ್ಟರ್ ತಂದು ಗೋಡು ಮಣ್ಣು ಹೊಡೆದುಕೊಂಡರು. ಫೋಟೊಗಳು ಚೆನ್ನಾಗಿ ಬಂದವು. ಕೆರೆ ಅಭಿವೃದ್ಧಿ ಸಂಘ ಅಂತ ಒಂದು ರಚಿಸಿ, ಊರಿನ ಗಟ್ಟಿ ರೈತರೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿದೆವು.

ಆ ವರ್ಷ ಮಳೆ ತೀರಾ ಏನೂ ಕೈಕೊಡಲಿಲ್ಲ. ಕೆರೆಗೆ ಬಂದಿದ್ದು ಮಾತ್ರ ಎಮ್ಮೆ ಮೈ ತೊಳೆಯುವಷ್ಟು ನೀರು. ಅದೂ ಜೆಸಿಬಿ ತೋಡಿದ ಗುಂಡಿಯಲ್ಲಿ. ಆ ಗುಂಡಿ ತೂಬಿಗಿಂತ, ಅಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಯಿಗಿಂತ, ತಗ್ಗಿನಲ್ಲಿತ್ತು. ಅಂದರೆ ಅದು ತುಂಬಿದರೂ ಗದ್ದೆಗೆ ಹನಿ ನೀರು ಹೋಗುವ ಹಾಗಿಲ್ಲ. ಇನ್ನೊಂದು ವಿಷಯ ಆಗ ಹೊಳೆಯಲೇ ಇಲ್ಲ. ಮಣ್ಣು ಹೊತ್ತೊಯ್ಯಲು ಸುಲಭ ಅಂತ ಗುಂಡಿಯನ್ನು ಏರಿಯ (ಕೆರೆಯ ಮಣ್ಣಿನ ಕಟ್ಟೆಯ) ಬುಡದಲ್ಲೇ ತೋಡಿಸಿದ್ದೆವು.

ಊರಿನ ಹಿರಿಯ ನೀರುಗಂಟಿ, ಅಂದರೆ ಕೆರೆ ನೀರು ಬಿಡುವ, ಹಂಚುವ ಕೆಲಸದವರು, ಒಬ್ಬರಿದ್ದರು. ಕೆರೆಯಲ್ಲಿ ನೀರೇ ಇಲ್ಲದ ಮೇಲೆ ನೀರುಗಂಟಿಕೆ ಎಲ್ಲಿಂದ? ಕೂಲಿಗೆ ಹೋಗುತ್ತಿದ್ದರು. ನಾವು ದೇವಸ್ಥಾನದ ಕಟ್ಟೆ ಮೇಲೆ ಸಭೆ ಮಾಡುವಾಗ ಅವರು ಬೇವಿನ ಮರದ ಹತ್ತಿರ ನಿಂತಿರುತ್ತಿದ್ದರು. ಕಾಲೋನಿಯವರು, ಕಟ್ಟೆ ಹತ್ತುವವರಲ್ಲ. ನಾಲ್ಕು ಸಭೆ ಆದ ಮೇಲೆ ನಾನೇ ಹೋಗಿ ಮಾತಾಡಿಸಿದೆ. "ಗುಂಡಿ ತೋಡಿದ್ರಿ, ಸರಿ ಸ್ವಾಮಿ. ನೀರು ಬರೋ ದಾರಿ ನೋಡಿದ್ರಾ?" ಅಂದರು.

ನೋಡಿರಲಿಲ್ಲ.

ಕಾಲುವೆಗುಂಟ ನಡಿಗೆ

ಮಾರನೇ ವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ನೀರುಗಂಟಿ ತಾತ, ಅಧ್ಯಕ್ಷರು, ನಡುಹಳ್ಳಿಯ ಇಬ್ಬರು, ನಾನು. ಕೈಯಲ್ಲಿ ಗ್ರಾಮ ನಕ್ಷೆಯ ಜೆರಾಕ್ಸ್. ಕೆರೆಯಿಂದ ಮೇಲಕ್ಕೆ, ನೀರು ಬರುವ ದಾರಿಗೆ ಎದುರಾಗಿ ನಡೆಯುವುದು ಅಂತ ತೀರ್ಮಾನ.

ಕೆರೆ ಬಾಯಿಂದ ಇನ್ನೂರು ಹೆಜ್ಜೆ ಹೋಗಿರಬೇಕು, ಕೆರೆಗೆ ಮಳೆನೀರು ತರುವ ರಾಜಕಾಲುವೆ ಟೊಮೆಟೊ ತೋಟದೊಳಗೆ ಹೋಗಿ ಮಾಯವಾಯಿತು. ಸಾಲು ಸಾಲು ಕಡ್ಡಿ ನೆಟ್ಟು, ದಾರ ಕಟ್ಟಿ, ಡ್ರಿಪ್ ಎಳೆದ ಒಳ್ಳೇ ತೋಟ. ತಾತ ನಿಂತರು. ನಕ್ಷೆ ನೋಡಲಿಲ್ಲ, ಕಾಲಲ್ಲಿ ನೆಲ ಒತ್ತಿ ನೋಡಿದರು. "ಇಲ್ಲೇ ಇತ್ತು" ಅಂದರು. ತೋಟ ಯಾರದ್ದು ಅಂತ ಯಾರೂ ಕೇಳಲಿಲ್ಲ. ಅಧ್ಯಕ್ಷರು ಟವೆಲ್‌ನಿಂದ ಮುಖ ಒರೆಸಿಕೊಂಡರು. ತೋಟ ಅವರದ್ದೇ.

ಮುಂದೆ ರಸ್ತೆಗೆ ಹಾಕಿದ್ದ ಮೋರಿ. ಪೈಪು ಕಾಲುವೆಯ ತಳಕ್ಕಿಂತ ಒಂದು ಮೊಳ ಮೇಲೆ ಕೂತಿತ್ತು. ನೀರು ಅಲ್ಲಿ ನಿಂತು, ಏರಿ, ಆಮೇಲೆ ದಾಟಬೇಕು. ಅದರಾಚೆ ನೀಲಗಿರಿ ತೋಪು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಹಳೇ ಬುಡ ಕಡಿದಷ್ಟೂ ಚಿಗುರುತ್ತೆ, ಅದಕ್ಕೆ ಯಾವ ಆದೇಶವೂ ನಾಟುವುದಿಲ್ಲ. ಇಲ್ಲಿ ರೈತರನ್ನು ಬೈಯುವುದು ಸುಲಭ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರು ಮುದುಕರು. ಆಳಿಲ್ಲದೆ, ಕಾವಲಿಲ್ಲದೆ ಕೆಲವು ವರ್ಷಕ್ಕೊಮ್ಮೆ ಒಂದಿಷ್ಟು ದುಡ್ಡು ಕೊಡುವ ಬೆಳೆ ಬೇರೆ ಯಾವುದಿದೆ?

ನಡುಹಳ್ಳಿ ಹತ್ತಿರ ಹಳ್ಳದ ದಡ ಪೂರಾ ಅಗೆದಿತ್ತು. ಫಿಲ್ಟರ್ ಮರಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಳ್ಳದ ದಡದ ಮಣ್ಣು, ಕೆಲವು ಸಲ ಸ್ವಂತ ಹೊಲದ ಮಣ್ಣನ್ನೇ ಅಗೆದು ತೊಟ್ಟಿಗೆ ಹಾಕುತ್ತಾರೆ. ಬೋರ್ ನೀರು ಬಿಟ್ಟು ತೊಳೆಯುತ್ತಾರೆ. ಮರಳು ತಳದಲ್ಲಿ ಉಳಿಯುತ್ತೆ, ಕೆಸರು ಹೊರಗೆ ಹೋಗುತ್ತೆ. ರಾತ್ರಿ ಲಾರಿ ತುಂಬುತ್ತೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಲ್ಲಿ ಮಣ್ಣು ತೊಳೆಯಲು ಬೋರ್ ಓಡುತ್ತಿತ್ತು. ಹೊರಗೆ ಬಿಟ್ಟ ಕೆಸರು ಹಳ್ಳದ ತಳದಲ್ಲಿ ಒಣಗಿ ಹಂಚಿನ ಹಾಗೆ ಗಟ್ಟಿಯಾಗಿತ್ತು. ಕಾಲಿಟ್ಟರೆ ಟಪ್ ಅನ್ನುತ್ತಿತ್ತು. ಅದರ ಮೇಲೆ ಬಿದ್ದ ನೀರು ಇಂಗುವುದಿಲ್ಲ.

ಎಲ್ಲಕ್ಕಿಂತ ಮೇಲೆ, ಮೇಲಿನಹಳ್ಳಿಯ ಕೆಳಗೆ, ಹಳ್ಳಕ್ಕೆ ಅಡ್ಡ ಒಂದು ಚೆಕ್ ಡ್ಯಾಂ. ಕೆಲವು ವರ್ಷದ ಹಿಂದೆ ಉದ್ಯೋಗ ಖಾತ್ರಿಯಲ್ಲಿ ಕಟ್ಟಿದ್ದು. ಗಟ್ಟಿ ಕೆಲಸ, ಕಿಂಡಿ ಇಲ್ಲ. ಮೇಲಿನಹಳ್ಳಿಯ ಬೋರ್‌ಗಳನ್ನು ಬದುಕಿಸಿದ್ದೇ ಅದು. ಸಾಧಾರಣ ಮಳೆಗೆ ಬಂದ ನೀರೆಲ್ಲ ಅಲ್ಲೇ ನಿಲ್ಲುತ್ತಿತ್ತು. ನೀರು ಉಳಿಸುವ ಕೆಲಸಕ್ಕೆ ಮಾದರಿ ಅಂತ ಅದನ್ನೇ ನಾನು ಹಿಂದೆ ಎರಡು ಕಡೆ ತೋರಿಸಿದ್ದೆ!

ಆ ಬೆಳಗಿನ ನಡಿಗೆಯಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಕೆರೆ ಬತ್ತಿಸಿದ ಕಳ್ಳ ಒಬ್ಬನಿಲ್ಲ. ಎಲ್ಲರೂ ಒಂದೊಂದು ಮೊಳ ದಾರಿ ಮುಚ್ಚಿದ್ದಾರೆ.

ಎಲ್ಲಿಂದ ಶುರು?

ಯುವಕರದ್ದು ಒಂದೇ ಮಾತು. ತಹಸೀಲ್ದಾರ್‌ಗೆ ದೂರು ಕೊಡೋಣ, ಅಳತೆ ಮಾಡಿಸೋಣ, ಪೊಲೀಸ್ ಇಟ್ಟುಕೊಂಡು ಒಂದೇ ದಿನ ಎಲ್ಲಾ ಕೀಳಿಸೋಣ. ಕಾನೂನು ಅವರ ಪರವಾಗೇ ಇತ್ತು. ಕಾಲುವೆ ಅಂದರೆ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ), ಅದು ಯಾರ ಪಟ್ಟಾ ಜಮೀನೂ ಅಲ್ಲ.

ತಾತ ಬೇರೆ ಮಾತು ಹೇಳಿದರು. ಮೊದಲು ಅಧ್ಯಕ್ಷರ ತೋಟದಲ್ಲಿ ಕಾಲುವೆ ಬಿಡಲಿ, ಆಮೇಲೆ ಮಿಕ್ಕಿದ್ದು. ಅಧ್ಯಕ್ಷರು ಒಂದು ವಾರ ಸಭೆಗೆ ಬರಲಿಲ್ಲ. ಎಂಟನೇ ದಿನ ಬಂದು, "ಕೊನೇ ಕೊಯ್ಲು ಮುಗೀಲಿ, ಬಿಡ್ತೀನಿ" ಅಂದರು. ಟೊಮೆಟೊಗೆ ಆಗ ರೇಟಿತ್ತು. ಕಾಯುವುದು ಬೇಡ ಅಂತ ಯುವಕರು ಗಲಾಟೆ ಮಾಡಿದರು. ನಮ್ಮ ಕಡೆ ಜಗಳ ಜೋರಾದರೆ ಮಾತು ಕನ್ನಡದಿಂದ ತೆಲುಗಿಗೆ ಹೊರಳುತ್ತೆ. ಅವತ್ತು ಸಭೆ ಪೂರ್ತಿ ತೆಲುಗಿನಲ್ಲೇ ನಡೆಯಿತು. ಕೊನೆಗೆ ಕಾಯುವುದು ಅಂತಾಯಿತು. ಸುಮಾರು ಒಂದು ತಿಂಗಳು ಹೋಯಿತು. ಆಮೇಲೆ ಅವರೇ ಕಡ್ಡಿ ಕಿತ್ತು, ನಿಂತು ಜೆಸಿಬಿ ಹೊಡೆಸಿದರು. ಆ ತಿಂಗಳು ಕಾದದ್ದು ಸರಿ ಅಂತ ಈಗಲೂ ಅನ್ನಿಸುತ್ತೆ. ಅದಾದ ಮೇಲೆ ಮಿಕ್ಕವರಲ್ಲಿ ಹೆಚ್ಚಿನವರು ತಕರಾರಿಲ್ಲದೆ ಬಿಟ್ಟರು. ಒಬ್ಬರು ಮಾತ್ರ ಕೋರ್ಟಿಗೆ ಹೋದರು. ಆ ತುಂಡಿನಲ್ಲಿ ಕಾಲುವೆಯನ್ನು ಪಕ್ಕದ ಬಂಡಿ ದಾರಿಗೆ ತಿರುಗಿಸಿದೆವು.

ಒಬ್ಬ ಅಕ್ಕನದು ಮಾತ್ರ ನಿಜವಾಗಿ ಕಷ್ಟದ್ದು. ಗಂಡ ಇಲ್ಲ, ಇರುವುದೇ ತುಂಡು ಜಮೀನು. ಕಾಲುವೆಯ ಜಾಗವನ್ನೂ ಸೇರಿಸಿ ಹಿಂದಿನವರು ಮಾರಿದ್ದರು, ಇವರಿಗೆ ಗೊತ್ತೇ ಇರಲಿಲ್ಲ. ಮಣ್ಣಿನ ಕಾಲುವೆ ತೋಡಿದರೆ ಎರಡು ಕಡೆ ಇಳಿಜಾರು ಬಿಡಬೇಕು, ಜಾಗ ಜಾಸ್ತಿ ಹೋಗುತ್ತೆ. ಅದಕ್ಕೆ ಅಲ್ಲಿ ಮಾತ್ರ ಕಲ್ಲು ಕಟ್ಟಿ, ಗೋಡೆ ನೆಟ್ಟಗೆ ಎಬ್ಬಿಸಿ, ಅಗಲ ಕಡಿಮೆ ಮಾಡಿದೆವು. ಖರ್ಚು ಜಾಸ್ತಿ ಬಿತ್ತು. ಉಳಿದವರು "ಅವರಿಗ್ಯಾಕೆ ಕಲ್ಲು, ನಮಗ್ಯಾಕೆ ಮಣ್ಣು" ಅಂತ ಕೇಳಿದರು. ಅಧ್ಯಕ್ಷರೇ ಉತ್ತರ ಹೇಳಿದರು, ನಾನು ಹೇಳಬೇಕಾಗಿ ಬರಲಿಲ್ಲ.

ಈ ಹೊತ್ತಿಗೆ ಇನ್ನೊಂದು ಬದಲಾವಣೆ ಮಾಡಿದ್ದೆವು. ಸಭೆಯನ್ನು ಕಟ್ಟೆಯಿಂದ ಎತ್ತಿ ಹಾಲಿನ ಡೈರಿ ಮುಂದಕ್ಕೆ ತಂದೆವು, ಸಂಜೆ ಹಾಲು ಹಾಕುವ ಹೊತ್ತಿಗೆ. ಡೈರಿಗೆ ಎಲ್ಲರೂ ಬರುತ್ತಾರೆ. ಕಾಲೋನಿಯವರು, ಹೆಂಗಸರು, ಮಕ್ಕಳ ಕೈಯಲ್ಲಿ ಕ್ಯಾನ್ ಕೊಟ್ಟು ಕಳಿಸುವವರು. ಫ್ಯಾಟ್ ನೋಡುವವರೆಗೆ ಕಾಯಲೇಬೇಕು, ಕಾಯುವಾಗ ಮಾತಾಡುತ್ತಾರೆ. ಮರಳು ಲಾರಿ ಎಷ್ಟು ಹೊತ್ತಿಗೆ ಬರುತ್ತೆ, ಯಾರ ಟ್ರ್ಯಾಕ್ಟರ್, ಯಾರ ಬೋರ್ ಅನ್ನುವುದೆಲ್ಲ ನನಗೆ ಗೊತ್ತಾಗಿದ್ದು ಅಲ್ಲಿ, ಹೆಂಗಸರ ಬಾಯಿಂದ.

ಆ ಫಿಲ್ಟರ್ ದಂಧೆಯನ್ನು ನಾವು ನಿಲ್ಲಿಸಿದೆವು ಅಂದರೆ ಸುಳ್ಳಾಗುತ್ತೆ. ದೂರು ಕೊಟ್ಟೆವು, ಮೂರು ದಿನ ನಿಂತಿತು, ನಾಲ್ಕನೇ ರಾತ್ರಿ ಮತ್ತೆ ಶುರುವಾಯಿತು. ಟ್ರ್ಯಾಕ್ಟರ್ ಸಾಲದ ಕಂತು ಕಟ್ಟಬೇಕಾದ ಹುಡುಗರು ಅವರು. ಕೊನೆಗೆ ನಿಂತದ್ದಕ್ಕೆ ಎರಡು ಕಾರಣ. ತೊಳೆಯಲು ನೀರು ಕೊಡುತ್ತಿದ್ದ ಬೋರ್ ಬತ್ತಿತು, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಎಲ್ಲಾ ಕಡೆ ಸಿಗತೊಡಗಿತು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ವಾಪಸ್ ಬಂದ ಹುಡುಗರು ಉದ್ಯೋಗ ಖಾತ್ರಿಯಲ್ಲಿ ಕಾಲುವೆ ಕೆಲಸಕ್ಕೆ ಇಳಿದರು. ಅದರಲ್ಲಿ ಈ ಟ್ರ್ಯಾಕ್ಟರ್ ಹುಡುಗರೂ ಇದ್ದರು. ಹಂಚಿನಂಥ ಆ ಪದರ ಒಡೆದದ್ದು ಅವರ ಕೈಯೇ. ಮೇಲಿನ ಹೊಲಗಳ ಬದು ಸರಿ ಮಾಡಿದ್ದು, ನೀಲಗಿರಿ ಬುಡ ಕಿತ್ತದ್ದು ಅದೇ ಬೇಸಿಗೆಯಲ್ಲಿ. ಬುಡ ಕೀಳಲು ಎಲ್ಲರೂ ಒಪ್ಪಲಿಲ್ಲ, ಅರ್ಧ ತೋಪು ಹಾಗೇ ಉಳಿಯಿತು.

ಚೆಕ್ ಡ್ಯಾಂ ಪಂಚಾಯ್ತಿ

ನಿಜವಾದ ತಿರುವು ಇಲ್ಲಿ. ಕೆಳಗಿನ ಎರಡು ಊರಿನವರು ಚೆಕ್ ಡ್ಯಾಂ ಒಡೀಬೇಕು ಅಂದರು. ಮೇಲಿನಹಳ್ಳಿಯವರು "ಒಡೆಯೋಕೆ ಬನ್ನಿ ನೋಡೋಣ" ಅಂದರು. ಅವರ ವಾದದಲ್ಲಿ ತಪ್ಪಿರಲಿಲ್ಲ. ಬೆಟ್ಟ ಅವರ ತಲೆ ಮೇಲಿದೆ, ಮಳೆ ಅವರ ಹೊಲಕ್ಕೆ ಬೀಳುತ್ತೆ, ಬದು ಹಾಕಿ ಮಣ್ಣು ಉಳಿಸುವ ಕೆಲಸ ಅವರದ್ದು. ನೀರು ಮಾತ್ರ ಕೆಳಗಿನವರಿಗಾ?

ಎರಡು ಸಭೆ ಮುರಿದುಬಿದ್ದವು. ಮೂರನೇ ಸಭೆಗೆ ತಾತ ನಮ್ಮನ್ನೆಲ್ಲ ನಡುಹಳ್ಳಿ ಕೆರೆ ಕೋಡಿಗೆ ಕರೆದುಕೊಂಡು ಹೋದರು. ಅಲ್ಲಿ ಪೊದೆ ಸರಿಸಿ ಒಂದು ಕಲ್ಲು ತೋರಿಸಿದರು. ಅದರ ಮೇಲೆ ಅಡ್ಡಗೆರೆ. ಈ ಗೆರೆಗಿಂತ ಮೇಲೆ ಕೋಡಿ ಎತ್ತರಿಸಬಾರದು ಅಂತ ಹಿಂದಿನವರ ಕಟ್ಟು. ಕೆಳಗಿನ ಊರಿನ ಒಪ್ಪಿಗೆ ಇಲ್ಲದೆ ಒಂದು ಹೆಂಟೆ ಮಣ್ಣು ಇಡುವ ಹಾಗಿರಲಿಲ್ಲವಂತೆ. "ನಮ್ಮಪ್ಪನ ಕಾಲದಲ್ಲಿ ಈ ಗೆರೆಗೇ ಕುಂಕುಮ ಇಡ್ತಿದ್ರು" ಅಂದರು. ಮೇಲಿನಹಳ್ಳಿಯ ಒಬ್ಬ ಹಿರಿಯರು ಕಲ್ಲು ಮುಟ್ಟಿ ನೋಡಿ, "ಹಂಗಾದ್ರೆ ನಮ್ಮ ಡ್ಯಾಮಿಗೂ ಒಂದು ಗೆರೆ ಎಳೀರಿ, ಒಡೆಯೋ ಮಾತು ಬೇಡ" ಅಂದರು.

ಅಲ್ಲಿಂದ ಮಾತು ಗೆರೆ ಎಲ್ಲಿ ಎಳೆಯುವುದು ಅನ್ನುವುದಕ್ಕೆ ಬಂತು. ಅಡಿ, ಇಂಚಿನ ಲೆಕ್ಕ. ಜಗಳಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ. ಕೊನೆಗೆ ಆದ ಒಪ್ಪಂದ ಹೀಗೆ: ಚೆಕ್ ಡ್ಯಾಂನ ಗೋಡೆಯನ್ನು ಅರ್ಧ ಎತ್ತರದವರೆಗೆ ಹಾಗೇ ಬಿಡುವುದು. ಅಷ್ಟು ನೀರು ಯಾವಾಗಲೂ ಮೇಲಿನಹಳ್ಳಿಯದು, ಯಾರೂ ಕೇಳುವಂತಿಲ್ಲ. ಅದರ ಮೇಲೆ ಒಂದು ಕಿಂಡಿ ಕೊರೆದು, ಎರಡು ಪಕ್ಕ ಗಾಡಿ (ಹಲಗೆ ಕೂರುವ ಸೀಳು) ಮಾಡಿ, ಮರದ ಹಲಗೆ ಇಳಿಸುವ ಹಾಗೆ ಮಾಡುವುದು. ಮುಂಗಾರಿಗೆ ಮುಂಚೆ ಹಲಗೆ ತೆಗೆದಿರಬೇಕು. ಕೆಳಗಿನಹಳ್ಳಿ ಕೆರೆಯಲ್ಲಿ ನೀರು ತೂಬಿನ ಎರಡನೇ ಮೆಟ್ಟಿಲು ಮುಟ್ಟಿದ ದಿನ ಹಲಗೆ ಹಾಕಬಹುದು, ಹಿಂಗಾರಿನ ನೀರು ಮೇಲೆ ನಿಲ್ಲಲಿ.

ಹಲಗೆ ಯಾರ ಹತ್ತಿರ ಇರಬೇಕು? ಇದಕ್ಕೇ ಇನ್ನೊಂದು ಸಂಜೆ ಹಿಡಿಯಿತು. ಡೈರಿಯಲ್ಲಿ ಹಾಲು ಅಳೆಯುತ್ತಿದ್ದ ಹೆಣ್ಣುಮಗಳು ತಲೆ ಎತ್ತದೆ ಹೇಳಿದಳು: "ಮೂರು ಹಲಗೆ ತಾನೇ? ಊರಿಗೊಂದು ಇಟ್ಕೊಳ್ಳಿ." ಮೂರೂ ಇಳಿಸಿದರೆ ಮಾತ್ರ ಕಿಂಡಿ ಮುಚ್ಚುತ್ತೆ. ಅಂದರೆ ಮೂರೂ ಊರಿನವರು ಬರದೆ ನೀರು ನಿಲ್ಲಿಸುವ ಹಾಗಿಲ್ಲ. ನಾವು ತರಿಸಿದ್ದ ಎಂಜಿನಿಯರ್ ಗೇಟಿಗೆ ಬೀಗ ಹಾಕುವ ನಕ್ಷೆ ಮಾಡಿಕೊಂಡು ಬಂದಿದ್ದರು. ಮಡಚಿ ಜೇಬಿಗೆ ಹಾಕಿಕೊಂಡರು.

2021ರ ಮಳೆ

ಅಕ್ಟೋಬರ್, ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸುರಿದ ಮಳೆ ಎಲ್ಲರಿಗೂ ನೆನಪಿರಬೇಕು. ದಶಕಗಳಿಂದ ತುಂಬದ ಕೆರೆಗಳು ಕೋಡಿ ಹರಿದವು. ನಮ್ಮದೂ ಹರಿಯಿತು. ಅಷ್ಟು ಮಳೆ ಬಂದರೆ ನಾವು ಏನೂ ಮಾಡದಿದ್ದರೂ ಸ್ವಲ್ಪ ನೀರು ಬರುತ್ತಿತ್ತೇನೋ. ಆದರೆ ಕಾಲುವೆ ಮುಚ್ಚಿದ್ದ ಪಕ್ಕದ ಹಳ್ಳದಲ್ಲಿ ನೀರು ರಸ್ತೆ, ಹೊಲ, ಮನೆ ಅಂತ ನುಗ್ಗಿತು. ನಮ್ಮಲ್ಲಿ ಕಾಲುವೆಯಲ್ಲೇ ಬಂತು.

ಕೋಡಿ ಹರಿಯುವ ಹಿಂದಿನ ರಾತ್ರಿ ಏರಿಯ ಹೊರಮೈಯಲ್ಲಿ ನೀರು ಜಿನುಗತೊಡಗಿತು. ಮೊದಲು ತೆಳ್ಳಗೆ, ತಿಳಿಯಾಗಿ. ಆಮೇಲೆ ಕೆಂಪಗೆ. ಕೆಂಪು ಬಂತು ಅಂದರೆ ಒಳಗಿನ ಮಣ್ಣು ಹೊರಡುತ್ತಿದೆ ಅಂತ ಅರ್ಥ. ಜಾಗ ನೋಡಿದರೆ ಸರಿಯಾಗಿ 2018ರಲ್ಲಿ ನಾವು ಗುಂಡಿ ತೋಡಿಸಿದ ಕಡೆ. ತಾತ ತೂಬು ಎತ್ತಿಸಿದರು. ಮರಳು ಮೂಟೆ ಬೇಕು ಅಂದರು. ನಡುಹಳ್ಳಿಯ ಅದೇ ಹುಡುಗರ ಟ್ರ್ಯಾಕ್ಟರ್ ಬಂತು, ಮರಳು ಎಲ್ಲಿಂದ ಬಂತು ಅಂತ ಅವತ್ತು ಯಾರೂ ಕೇಳಲಿಲ್ಲ. ಮೇಲಿನಹಳ್ಳಿಯಿಂದ ಹತ್ತು ಹನ್ನೆರಡು ಜನ ಗೋಣಿಚೀಲ ಹೊತ್ತು ಬಂದರು. ಬೆಳಗಿನ ಜಾವದ ಹೊತ್ತಿಗೆ ನೀರು ತಿಳಿಯಾಯಿತು. ಅವತ್ತು ಏರಿ ಹೋಗಿದ್ದರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು. ಹೂಳು ತೆಗೆಸಲು ಹೊರಟವರು ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ: ಏರಿ ಬುಡದಿಂದ ದೂರ ಇರಿ, ತಳದ ಜೇಡಿ ಪದರ ಕೆದಕಬೇಡಿ.

ಕೋಡಿ ಹರಿದ ವಾರ ಗಂಗಮ್ಮನ ಪೂಜೆ, ತೆಪ್ಪ, ಊಟ ಎಲ್ಲಾ ಆಯಿತು. ಅದನ್ನು ಬಿಡುತ್ತೇನೆ.

ನೀರು ಬಂದ ಮೇಲೆ

ಕೆರೆ ತುಂಬಿದ ಮೇಲೆ ಬತ್ತಿದ್ದ ಎಷ್ಟೋ ಬೋರ್‌ಗಳಿಗೆ ಜೀವ ಬಂತು. ಅದರ ಹಿಂದೆಯೇ ಹೊಸ ಬೋರ್‌ಗಳೂ ಬಂದವು. ಇದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ರಾಗಿ ಹಾಕುತ್ತಿದ್ದವರು ಸೇವಂತಿಗೆ, ಟೊಮೆಟೊಗೆ ಹೋದರು. ಬೆಂಗಳೂರಿನಿಂದ ವಾಪಸ್ ಬಂದ ಮಗನಿಗೆ ಅಪ್ಪ ಬೋರ್ ಹಾಕಿಸಿಕೊಟ್ಟರೆ ತಪ್ಪು ಅಂತ ಹೇಗೆ ಹೇಳುವುದು? 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರ್ ಕೊರೆಸಲು ಅನುಮತಿ ಬೇಕು. ಬೋರ್ ಲಾರಿ ರಾತ್ರಿ ಬರುತ್ತೆ, ಬೆಳಿಗ್ಗೆ ಹೊರಟು ಹೋಗಿರುತ್ತೆ. ಕೆರೆ ಅಂಗಳದ ಪಕ್ಕ ಬೋರ್ ಬೇಡ ಅಂತ ಸಂಘ ನಿರ್ಣಯ ಬರೆಯಿತು. ಸಹಿ ಹಾಕಿದವರಲ್ಲಿ ಇಬ್ಬರು ಅದೇ ವರ್ಷ ಹಾಕಿಸಿದರು. ಕೆರೆ ನೀರು ಹಂಚುವುದಕ್ಕೆ ಜನ ಒಪ್ಪುತ್ತಾರೆ, ಅದು ಕಣ್ಣಿಗೆ ಕಾಣುತ್ತೆ. ನೆಲದ ಕೆಳಗಿನ ನೀರು ಯಾರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೆ ಗೆರೆ ಎಳೆಯುವ ಕಲ್ಲು ನಮಗೆ ಇನ್ನೂ ಸಿಕ್ಕಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಕೆಳಗಿನಹಳ್ಳಿ ಕೆರೆಯಲ್ಲಿ ನೀರು ತೂಬಿನ ಮೊದಲ ಮೆಟ್ಟಿಲೂ ಮುಟ್ಟಲಿಲ್ಲ. ಒಪ್ಪಂದದ ಪ್ರಕಾರ ಹಲಗೆ ಹಾಕುವಂತಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಕಿಂಡಿಯಲ್ಲಿ ಮೇಲಿನಹಳ್ಳಿಯ ಒಂದು ಹಲಗೆ, ಅದರ ಮೇಲೆ ಕಲ್ಲು ಚಪ್ಪಡಿ. ಕೆಳಗಿನ ಊರಿನ ಹುಡುಗರು ಹಾರೆ ತೆಗೆದುಕೊಂಡು ಹೊರಟರು. ತಾತ ಅಷ್ಟರಲ್ಲಿ ತೀರಿಕೊಂಡಿದ್ದರು, ತಡೆಯುವವರು ಯಾರು? ತಡೆದದ್ದು ಆ ಅಕ್ಕ, ಕಲ್ಲುಕಾಲುವೆಯವರು. ಸಂಜೆ ಡೈರಿ ಹತ್ತಿರ ಮಾತಾಡಿ, ಆಮೇಲೆ ಬೇಕಾದರೆ ಹಾರೆ ತಗೊಳ್ಳಿ ಅಂದರಂತೆ.

ಸಂಜೆ ಮೂರೂ ಊರಿನವರು ಸೇರಿದರು. ಮೇಲಿನಹಳ್ಳಿಯವರು ತಪ್ಪು ಒಪ್ಪಿಕೊಂಡರು, ಗಂಗಮ್ಮನಿಗೆ ತಪ್ಪು ಕಾಣಿಕೆ ಕಟ್ಟಿದರು. ಜೊತೆಗೇ ಒಂದು ಮಾತು ಕೇಳಿದರು: "ನಿಮ್ಮ ಕೆರೆ ಹೆಂಗೂ ತುಂಬಲ್ಲ. ಆ ನೀರು ದಾರೀಲೇ ಒಣಗಿ ಹೋಗೋದಕ್ಕಿಂತ ಇಲ್ಲಿ ದನಕ್ಕಾದ್ರೂ ಆಗಲಿ." ಬರದ ವರ್ಷಕ್ಕೆ ಏನು ಮಾಡಬೇಕು ಅಂತ ನಮ್ಮ ಒಪ್ಪಂದದಲ್ಲಿ ಒಂದು ಸಾಲೂ ಇರಲಿಲ್ಲ. ಬರೆಯುವಾಗ ಯಾರಿಗೂ ಹೊಳೆದಿರಲಿಲ್ಲ, ನನಗೂ ಕೂಡ. ಅವತ್ತೇ ಒಂದು ಸಾಲು ಸೇರಿಸಿದರು. ಅಕ್ಟೋಬರ್ ಕೊನೆಯೊಳಗೆ ಮೊದಲ ಮೆಟ್ಟಿಲು ಮುಟ್ಟದಿದ್ದರೆ ಹಲಗೆ ಹಾಕಬಹುದು, ಆ ನೀರನ್ನು ಬೆಳೆಗೆ ಎತ್ತುವಂತಿಲ್ಲ, ಮೂರೂ ಊರಿನ ದನ ಕರುವಿಗೆ ಬಿಡಬೇಕು.

ಚಪ್ಪಡಿ ಎತ್ತುವಾಗ ಮೇಲಿನಹಳ್ಳಿಯ ಹಲಗೆ ಸೀಳಿಹೋಗಿತ್ತು. ಹೊಸದಕ್ಕೆ ಮರ ನಡುಹಳ್ಳಿಯವರು ಕೊಟ್ಟರು, ಬಡಗಿ ಕೂಲಿ ಕೆಳಗಿನಹಳ್ಳಿಯದು. ನಾನು ಕೊನೇ ಸಲ ಹೋದಾಗ ಅದು ಡೈರಿ ಗೋಡೆಗೆ ಒರಗಿತ್ತು. ಅರ್ಧ ಇಂಚು ದಪ್ಪ ಜಾಸ್ತಿಯಾಗಿ ಗಾಡಿಗೆ ಇಳಿಯುತ್ತಿರಲಿಲ್ಲವಂತೆ. ಉಜ್ಜುಗೊರಡು ತರಲು ಬಡಗಿ ಮನೆಗೆ ಹೋಗಿದ್ದ.